ಕುದುರೆಗೆ ಹುರುಳಿ, ಗಾಡಿಗೆ ಕರೆಂಟು

ಹಂಪಿಗೆ ಹೋದವರಿಗೆ ಗೆಜ್ಜಲ ಮಂಟಪ ಗೊತ್ತಿರುತ್ತದೆ. ಪೆಟ್ರೋಲ್, ಡೀಸೆಲ್ ವಾಹನಗಳನ್ನು ಅಲ್ಲಿಯೇ ನಿಲ್ಲಿಸಬೇಕು. ಅಲ್ಲಿಂದ ವಿಜಯ ವಿಠ್ಠಲ ದೇವಾಲಯದವರೆಗಿನ ಸುಮಾರು ಒಂದು ಕಿಲೋಮೀಟರ್ ದಾರಿಯನ್ನು ನಡೆದು ಸಾಗಬೇಕು, ಇಲ್ಲವೇ ಬ್ಯಾಟರಿ ಗಾಡಿಯಲ್ಲಿ ಕುಳಿತು ಸಾಗಬೇಕು. ಹೊಗೆ ಮತ್ತು ಕಂಪನದಿಂದ ಕಲ್ಲಿನ ರಥಕ್ಕೂ ಸಪ್ತಸ್ವರದ ಕಂಬಗಳಿಗೂ ತೊಂದರೆ ಆಗಬಾರದೆಂದು ಮಾಡಿದ ಏರ್ಪಾಡು ಇದು. ಈ ಗಾಡಿಗಳನ್ನು ಓಡಿಸುವವರಲ್ಲಿ ಸುತ್ತಲಿನ ಊರುಗಳ ಹೆಣ್ಣುಮಕ್ಕಳೂ ಇದ್ದಾರೆ. ಅದೇ ದಾರಿಯ ಪಕ್ಕದಲ್ಲಿ ಇನ್ನೊಂದು ಮಂಟಪವಿದೆ, ಕುದುರೆ ಗೊಂಬೆ ಮಂಟಪ. ಅದರ ಕಂಬಗಳಲ್ಲಿ ಸವಾರರನ್ನು ಹೊತ್ತು ಮುಂಗಾಲೆತ್ತಿ ನಿಂತ ಕುದುರೆಗಳಿವೆ. ಗಾಡಿಯಲ್ಲಿ ಹೋಗುವವರು ಸಾಮಾನ್ಯವಾಗಿ ಅತ್ತ ನೋಡುವುದೇ ಇಲ್ಲ. ಈ ಸಲ ಹೋದಾಗ ಇಳಿದು ನೋಡಿ.

ವಿಜಯನಗರದ ಅರಸರಿಗೆ ಕುದುರೆ ಹೊರದೇಶದಿಂದ ಬರುವ ಸರಕು. ಅರೇಬಿಯಾ ಮತ್ತು ಪರ್ಷಿಯಾದ ಕುದುರೆಗಳು ಹಡಗಿನಲ್ಲಿ ಭಟ್ಕಳ, ಗೋವಾ ಬಂದರುಗಳಿಗೆ ಬಂದು, ಘಟ್ಟ ಹತ್ತಿ ರಾಜಧಾನಿ ಸೇರುತ್ತಿದ್ದವು. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ಪ್ರವಾಸಿ ಫೆರ್ನಾವೊ ನೂನಿಜ್ 1530ರ ದಶಕದಲ್ಲಿ ಇಲ್ಲಿದ್ದ. ಅವನು ಒಂದು ಸ್ವಾರಸ್ಯಕರ ಸಂಗತಿಯನ್ನು ಬರೆದಿಟ್ಟಿದ್ದಾನೆ. ಸಾಳುವ ನರಸಿಂಹ ಹರ್ಮುಜಿನ ಕುದುರೆಗಳನ್ನು ಎಷ್ಟು ಆಸೆಪಟ್ಟು ಕೊಳ್ಳುತ್ತಿದ್ದನೆಂದರೆ, ದಾರಿಯಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇದಕ್ಕೂ ಸುಮಾರು ಎರಡು ಶತಮಾನ ಮೊದಲು ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ, ಅಲ್ಲಿ ಪ್ರತಿವರ್ಷ ಸಾವಿರಾರು ಕುದುರೆಗಳನ್ನು ತರಿಸುತ್ತಾರೆ, ವರ್ಷ ಮುಗಿಯುವ ಹೊತ್ತಿಗೆ ಬಹುಪಾಲು ಸತ್ತಿರುತ್ತವೆ, ಏಕೆಂದರೆ ಅವುಗಳನ್ನು ಸಾಕುವ ರೀತಿ ಅಲ್ಲಿಯವರಿಗೆ ತಿಳಿಯದು ಎಂದು ಹೇಳಿದ್ದಾನೆ. ಅವನ ಪ್ರಕಾರ ಅವರು ಕುದುರೆಗೆ ಮಾಂಸ ಬೆರೆಸಿ ಬೇಯಿಸಿದ ಅನ್ನವನ್ನು ತಿನ್ನಿಸುತ್ತಿದ್ದರು. ಇದರಲ್ಲಿ ಎಷ್ಟು ನಿಜ, ಎಷ್ಟು ಪ್ರವಾಸಿಯ ಉತ್ಪ್ರೇಕ್ಷೆ ಎಂಬುದು ಬೇರೆ ಚರ್ಚೆ. ಆದರೆ ದುಬಾರಿ ಬೆಲೆ ತೆತ್ತು ದೂರದಿಂದ ತರಿಸಿದ ಒಂದು ವಸ್ತು ಎಷ್ಟು ವರ್ಷ ಬಾಳುತ್ತದೆ ಎಂಬುದು, ಅದಕ್ಕೆ ನಾವು ಏನನ್ನು, ಯಾವಾಗ, ಎಷ್ಟು ಉಣಿಸುತ್ತೇವೆ ಎಂಬುದರ ಮೇಲೆ ನಿಂತಿದೆ ಎಂಬ ಮಾತಂತೂ ನಿಜ.

ಇಂದು ಅದೇ ಬೀದಿಯಲ್ಲಿ ಓಡುವ ಬ್ಯಾಟರಿ ಗಾಡಿಗೂ, ಹೊಸಪೇಟೆಯ ಕಾಲೇಜಿನ ಮುಂದೆ ಸಾಲಾಗಿ ನಿಂತ ವಿದ್ಯುತ್ ಸ್ಕೂಟರುಗಳಿಗೂ ಈ ಮಾತು ಅನ್ವಯಿಸುತ್ತದೆ. ವಿದ್ಯುತ್ ವಾಹನದಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಬ್ಯಾಟರಿ. ಕಂಪ್ಲಿಯಿಂದ ಹೊಸಪೇಟೆಗೆ ದಿನವೂ ಸುಮಾರು 30 ಕಿಲೋಮೀಟರ್ ಬಂದು ಓದುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ಮನೆಯವರು ಸಾಲ ಮಾಡಿ ಸ್ಕೂಟರ್ ಕೊಡಿಸಿದ್ದಾರೆ. ಸಾಲದ ಕಂತು ತೀರುವ ಮೊದಲೇ ಬ್ಯಾಟರಿ ಸೋತರೆ ಆ ಮನೆಗೆ ಅದು ಸಣ್ಣ ಪೆಟ್ಟಲ್ಲ. ಹಂಪಿಯಲ್ಲಿಯೂ ಗಾಡಿಗಳು ಕೆಟ್ಟು ನಿಂತು, ಪ್ರವಾಸಿಗರು ಬಿಸಿಲಿನಲ್ಲಿ ನಡೆದುಹೋದ ಸುದ್ದಿಗಳು ಪತ್ರಿಕೆಗಳಲ್ಲಿ ಬಂದದ್ದುಂಟು. ಆದ್ದರಿಂದ ಬ್ಯಾಟರಿಗೆ ಕರೆಂಟು ಉಣಿಸುವ ಅಭ್ಯಾಸಗಳು ಎಲ್ಲಿಂದ ಬಂದವು, ಅವುಗಳಲ್ಲಿ ಯಾವುದು ಇಂದಿಗೂ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡೋಣ.

ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲ ಬ್ಯಾಟರಿಯನ್ನು 1859ರಲ್ಲಿ ನಿರ್ಮಿಸಿದವನು ಫ್ರಾನ್ಸಿನ ಗಾಸ್ತೋ ಪ್ಲಾಂತೆ. ಎರಡು ಸೀಸದ ಹಾಳೆಗಳ ನಡುವೆ ಬಟ್ಟೆಯಿಟ್ಟು ಸುರುಳಿ ಸುತ್ತಿ, ದುರ್ಬಲ ಗಂಧಕಾಮ್ಲದಲ್ಲಿ ಮುಳುಗಿಸಿದ್ದ, ಅಷ್ಟೆ. 1881ರಲ್ಲಿ ಕಾಮಿಲ್ ಫೋರ್ ಎಂಬಾತ ಸೀಸದ ತಗಡಿಗೆ ಸೀಸದ ಆಕ್ಸೈಡಿನ ಲೇಪನ ಕೊಟ್ಟು ಅದರ ಶಕ್ತಿಯನ್ನು ಹೆಚ್ಚಿಸಿದ. 1899ರಲ್ಲಿ ಬೆಲ್ಜಿಯಂನ ಕಾಮಿಲ್ ಜೆನಾಟ್ಜಿ ಇಂಥದೇ ಬ್ಯಾಟರಿಗಳನ್ನು ತುಂಬಿದ ಗಾಡಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗವನ್ನು ದಾಟಿದ. ರಸ್ತೆಯ ಮೇಲೆ ಆ ವೇಗವನ್ನು ಮೊದಲು ಮುಟ್ಟಿದ್ದು ಪೆಟ್ರೋಲ್ ಗಾಡಿಯಲ್ಲ, ವಿದ್ಯುತ್ ಗಾಡಿ ಎಂದರೆ ಇಂದಿಗೂ ಅನೇಕರು ನಂಬುವುದಿಲ್ಲ.

ಸೀಸದ ಬ್ಯಾಟರಿಯ ಸ್ವಭಾವವೇನು? ಅದು ಬಳಕೆಯಾಗುತ್ತಿದ್ದಂತೆ ಎರಡೂ ತಗಡುಗಳ ಮೇಲೆ ಸೀಸದ ಸಲ್ಫೇಟಿನ ನುಣುಪಾದ ಹರಳುಗಳು ಕೂರುತ್ತವೆ. ಕೂಡಲೇ ಚಾರ್ಜ್ ಮಾಡಿದರೆ ಅವು ಮತ್ತೆ ಸೀಸ ಮತ್ತು ಸೀಸದ ಡೈಆಕ್ಸೈಡುಗಳಾಗಿ ಬದಲಾಗುತ್ತವೆ. ಹಾಗೆಯೇ ಬಿಟ್ಟರೆ ಹರಳುಗಳು ಬೆಳೆದು, ಗಟ್ಟಿಯಾಗಿ, ಮತ್ತೆ ಕರಗಲು ಒಪ್ಪುವುದಿಲ್ಲ. ಅಷ್ಟು ಭಾಗದ ತಗಡು ಸತ್ತಂತೆಯೇ ಸರಿ. ಆದ್ದರಿಂದ ಸೀಸದ ಬ್ಯಾಟರಿಯ ನಿಯಮ ಸ್ಪಷ್ಟ: ಖಾಲಿ ಬಿಡಬೇಡ, ಬಳಸಿದ ಕೂಡಲೇ ಚಾರ್ಜಿಗೆ ಹಾಕು, ಪೂರ್ತಿ ತುಂಬಿಸು, ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಹಾಕು. ಹೊಸಪೇಟೆ, ಸಂಡೂರಿನ ಬ್ಯಾಟರಿ ಅಂಗಡಿಗಳಲ್ಲಿ ಅದಿರು ಲಾರಿಗಳ ಬ್ಯಾಟರಿಗೆ ಗಾಜಿನ ನಳಿಕೆಯಿಟ್ಟು ಆಮ್ಲವನ್ನು ಎಳೆದು ‘ಗ್ರಾವಿಟಿ’ ನೋಡುವುದನ್ನು ನೀವು ಕಂಡಿರಬಹುದು. ತುಂಬಿದ ಬ್ಯಾಟರಿಯ ಆಮ್ಲದ ಸಾಪೇಕ್ಷ ಸಾಂದ್ರತೆ ಸುಮಾರು 1.26ರಿಂದ 1.28. ಅದು 1.12ರ ಆಸುಪಾಸಿಗೆ ಇಳಿದಿದ್ದರೆ ಬ್ಯಾಟರಿ ಖಾಲಿ. ಆಮ್ಲವೇ ವಿದ್ಯುತ್ ಕ್ರಿಯೆಯಲ್ಲಿ ಖರ್ಚಾಗುವುದರಿಂದ ಈ ಪರೀಕ್ಷೆ ಸಾಧ್ಯವಾಯಿತು. ಪ್ರಯೋಗಶಾಲೆ ಹೊರಗೆ, ಎಣ್ಣೆ ಮೆತ್ತಿದ ಕೈಗಳಲ್ಲಿ ನಡೆಯುವ ರಸಾಯನಶಾಸ್ತ್ರಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣದು.

ಈ ನಿಯಮ ನಮ್ಮ ಮನೆಗಳೊಳಗೂ ಬಂತು. 1987-88ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾಯಣ ಬರುವ ಹೊತ್ತಿಗೆ ಕರೆಂಟು ಹೋದರೆ, ಹಳ್ಳಿಗಳಲ್ಲಿ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ತಂದು ಸಣ್ಣ ಟಿವಿಗೆ ಜೋಡಿಸುತ್ತಿದ್ದರು. ಧಾರಾವಾಹಿ ಮುಗಿದ ಮೇಲೆ ಅದನ್ನು ಚಾರ್ಜಿಗೆ ಒಯ್ಯದಿದ್ದರೆ ಟ್ರ್ಯಾಕ್ಟರ್ ಏಳುತ್ತಿರಲಿಲ್ಲ. ಮುಂದೆ ಮನೆಮನೆಗೆ ಇನ್ವರ್ಟರ್ ಬಂತು. ಅದರ ಬ್ಯಾಟರಿ ಸದಾ ತುಂಬಿಯೇ ಇರಬೇಕು. ಕಂಪ್ಲಿಯ ಗದ್ದೆಗಳ ಕಡೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಬರುವ ಗಂಟೆಗಳನ್ನು ಕಾದು ಕುಳಿತವರಿಗೆ ‘ಕರೆಂಟ್ ಇದ್ದಾಗಲೇ ತುಂಬಿಸಿಕೋ’ ಎಂಬುದು ಬುದ್ಧಿವಾದವಲ್ಲ, ಬದುಕಿನ ಕ್ರಮ. ಇಂದಿನ ಅಪ್ಪ-ಅಮ್ಮಂದಿರು ಸ್ಕೂಟರನ್ನು ರಾತ್ರಿಯಿಡೀ ಪ್ಲಗ್ಗಿನಲ್ಲಿಯೇ ಬಿಡಲು ಹೇಳಿದರೆ ಅದರ ಹಿಂದೆ ಈ ಇತಿಹಾಸವಿದೆ. ನಗಬೇಡಿ.

1900ರ ಸುಮಾರಿಗೆ ಅಮೆರಿಕದಲ್ಲಿ ಓಡುತ್ತಿದ್ದ ಮೋಟಾರು ಗಾಡಿಗಳಲ್ಲಿ ಸರಿಸುಮಾರು ಮೂರರಲ್ಲೊಂದು ವಿದ್ಯುತ್ತಿನವು. ಥಾಮಸ್ ಎಡಿಸನ್ ಸೀಸವನ್ನು ಬಿಟ್ಟು ನಿಕಲ್-ಕಬ್ಬಿಣದ ಬ್ಯಾಟರಿಗೆ ವರ್ಷಗಟ್ಟಲೆ ದುಡಿದ. ಹೆಚ್ಚು ಚಾರ್ಜ್ ಮಾಡಿದರೂ, ಪೂರ್ತಿ ಖಾಲಿ ಮಾಡಿದರೂ ಸಹಿಸಿಕೊಳ್ಳುವ ಗಟ್ಟಿ ಬ್ಯಾಟರಿ ಅದು, ಆದರೆ ಬೆಲೆ ಹೆಚ್ಚು. ಹಾರ್ಟ್‌ಫರ್ಡ್ ಎಂಬ ನಗರದ ವಿದ್ಯುತ್ ಕಂಪನಿ 1910ರ ದಶಕದಲ್ಲಿ ಇನ್ನೂ ಜಾಣತನದ ದಾರಿ ಹಿಡಿಯಿತು. ಗಾಡಿ ನಿಮ್ಮದು, ಬ್ಯಾಟರಿ ನಮ್ಮದು. ಖಾಲಿಯಾದಾಗ ತನ್ನಿ, ತುಂಬಿದ್ದನ್ನು ಹಾಕಿ ಕಳುಹಿಸುತ್ತೇವೆ ಎಂದಿತು. ಬಳಕೆದಾರನ ದುರಭ್ಯಾಸಕ್ಕೆ ಅವಕಾಶವೇ ಇಲ್ಲ! ಇಂದು ನಮ್ಮ ನಗರಗಳಲ್ಲಿ ಆಟೋ ಚಾಲಕರಿಗೆ ಬ್ಯಾಟರಿ ಬದಲಿಸಿಕೊಡುವ ಕೇಂದ್ರಗಳನ್ನು ಹೊಸ ಆಲೋಚನೆ ಎಂದು ವರ್ಣಿಸುವವರು ಈ ನೂರು ವರ್ಷದ ಹಿಂದಿನ ಸಂಗತಿಯನ್ನು ಓದಬೇಕು. ಪೆಟ್ರೋಲ್ ಅಗ್ಗವಾಗಿ, ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟವನ್ನು 1912ರಲ್ಲಿ ಬಂದ ಸ್ವಯಂಚಾಲಿತ ಸ್ಟಾರ್ಟರ್ ನೀಗಿಸಿದ ಮೇಲೆ ವಿದ್ಯುತ್ ಗಾಡಿಗಳು ಮರೆಗೆ ಸರಿದವು. ಆ ಸ್ಟಾರ್ಟರನ್ನು ತಿರುಗಿಸಿದ್ದು ಮತ್ತೆ ಸೀಸದ ಬ್ಯಾಟರಿಯೇ!

ಎರಡನೆಯ ನಿಯಮ ಬೇರೊಂದು ಕಡೆಯಿಂದ ಬಂತು. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಕಂಡುಹಿಡಿದ. ಅದು ಮುಂದೆ ಕೃತಕ ಉಪಗ್ರಹಗಳಿಗೂ ಹೋಯಿತು. ಉಪಗ್ರಹ ಪ್ರತಿ ಸುತ್ತಿನಲ್ಲೂ ಭೂಮಿಯ ನೆರಳಿಗೆ ಬಂದಾಗ ಬ್ಯಾಟರಿ ಅಷ್ಟೇ ಪ್ರಮಾಣದಲ್ಲಿ ಖರ್ಚಾಗಿ, ಬಿಸಿಲಿಗೆ ಬಂದಾಗ ಅಷ್ಟೇ ತುಂಬಿಕೊಳ್ಳುತ್ತದೆ. ಹೀಗೆ ಕರಾರುವಾಕ್ಕಾಗಿ ಒಂದೇ ಅಳತೆಯಲ್ಲಿ ಸಾವಿರಾರು ಸಲ ದುಡಿದ ಬ್ಯಾಟರಿ ಆ ಅಳತೆಯಾಚೆಗೆ ಶಕ್ತಿ ಕೊಡಲು ಹಿಂಜರಿಯುವುದು ಕಂಡುಬಂತು. ಅದಕ್ಕೆ ‘ನೆನಪಿನ ದೋಷ’ ಎಂಬ ಹೆಸರು ಬಿತ್ತು. ಪರಿಹಾರವೆಂದರೆ ಆಗಾಗ ಪೂರ್ತಿ ಖಾಲಿ ಮಾಡಿ ಮತ್ತೆ ತುಂಬುವುದು. ನಾನು ಟಿವಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೆಯ ಕ್ಯಾಮೆರಾಮನ್‌ಗಳು ಇಟ್ಟಿಗೆ ಗಾತ್ರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳನ್ನು ಈ ರೀತಿಯಲ್ಲೇ ಸಾಕುತ್ತಿದ್ದರು. ಚಿತ್ರೀಕರಣ ಮುಗಿದ ಮೇಲೂ ದೀಪ ಹಚ್ಚಿಟ್ಟು, ಕೊನೆಯ ಹನಿಯನ್ನೂ ಹಿಂಡಿ, ಆಮೇಲೆಯೇ ಚಾರ್ಜರಿಗೆ ಕೊಡುವುದು. ಕೆಲವು ವರ್ಷಗಳಲ್ಲಿ ಲಿಥಿಯಂ ಬ್ಯಾಟರಿಗಳು ಬಂದವು. ಅಭ್ಯಾಸ ಮಾತ್ರ ನಿಲ್ಲಲಿಲ್ಲ. ‘ಪೂರ್ತಿ ಖಾಲಿಯಾಗದೆ ಚಾರ್ಜಿಗೆ ಹಾಕಬಾರದು’ ಎಂದು ಮೊಬೈಲ್ ಫೋನಿನ ಬಗ್ಗೆ ನಿಮಗೆ ಯಾರಾದರೂ ಹೇಳಿದ್ದರೆ, ಅದು ಇಲ್ಲಿಂದ ಬಂದ ಮಾತು.

ಹೀಗೆ ಒಂದು ನಿಯಮ ಸದಾ ತುಂಬಿರಲಿ ಎನ್ನುತ್ತದೆ, ಇನ್ನೊಂದು ಪೂರ್ತಿ ಖಾಲಿ ಮಾಡು ಎನ್ನುತ್ತದೆ. ಲಿಥಿಯಂ ಬ್ಯಾಟರಿಗೆ ಇವೆರಡೂ ಒಗ್ಗುವುದಿಲ್ಲ. ವಿಷಯದ ತಿರುಳು ಇರುವುದು ಇಲ್ಲಿಯೇ.

ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಜಾನ್ ಗುಡ್‌ಇನಫ್, ಅಕಿರಾ ಯೊಶಿನೊ ಎಂಬ ಮೂವರ ಸಂಶೋಧನೆಗಳಿಂದ ಲಿಥಿಯಂ-ಅಯಾನು ಬ್ಯಾಟರಿ ರೂಪುಗೊಂಡು, 1991ರಲ್ಲಿ ಜಪಾನಿನ ಸೋನಿ ಕಂಪನಿಯಿಂದ ಮಾರುಕಟ್ಟೆಗೆ ಬಂತು. ಮೂವರಿಗೂ 2019ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಇದರಲ್ಲಿ ಸೀಸದ ಬ್ಯಾಟರಿಯಂತೆ ತಗಡು ಕರಗಿ ಬೇರೆ ವಸ್ತುವಾಗುವುದಿಲ್ಲ. ಒಂದು ಕಡೆ ಗ್ರಾಫೈಟ್, ಇನ್ನೊಂದು ಕಡೆ ಲೋಹದ ಆಕ್ಸೈಡು, ಎರಡೂ ಪದರಪದರವಾಗಿವೆ. ಚಾರ್ಜ್ ಮಾಡುವಾಗ ಲಿಥಿಯಂ ಅಯಾನುಗಳು ಆಕ್ಸೈಡಿನಿಂದ ಹೊರಟು ಗ್ರಾಫೈಟಿನ ಪದರಗಳ ನಡುವೆ ಹೋಗಿ ಕೂರುತ್ತವೆ. ಗಾಡಿ ಓಡುವಾಗ ಹಿಂದಿರುಗುತ್ತವೆ. ಇಷ್ಟೇ ಆಗಿದ್ದರೆ ಬ್ಯಾಟರಿ ಚಿರಾಯುವಾಗಬೇಕಿತ್ತು. ಆದರೆ ಗ್ರಾಫೈಟಿನ ಮೇಲೆ, ದ್ರಾವಣದೊಂದಿಗಿನ ಕ್ರಿಯೆಯಿಂದ ಒಂದು ತೆಳು ಪೊರೆ ಬೆಳೆಯುತ್ತಾ ಹೋಗುತ್ತದೆ. ಆ ಪೊರೆ ಇರಲೇಬೇಕು, ಅದೇ ರಕ್ಷಣೆ. ಆದರೆ ಅದು ದಪ್ಪವಾದಷ್ಟೂ ಓಡಾಡುವ ಲಿಥಿಯಂ ಅದರೊಳಗೆ ಸಿಕ್ಕಿ ಕಳೆದುಹೋಗುತ್ತದೆ. ಬ್ಯಾಟರಿಗೆ ವಯಸ್ಸಾಗುವುದು ಎಂದರೆ ಬಹುಮಟ್ಟಿಗೆ ಇದೇ. ಮೊದಲಿನ ಸಾಮರ್ಥ್ಯದ ಶೇಕಡಾ 70 ಅಥವಾ 80ಕ್ಕೆ ಇಳಿದಾಗ ವಾಹನದ ಮಟ್ಟಿಗೆ ಅದರ ಆಯುಸ್ಸು ಮುಗಿಯಿತೆಂದು ಲೆಕ್ಕ.

ಪೊರೆಯ ಬೆಳವಣಿಗೆಯನ್ನು ಎರಡು ಸಂಗತಿಗಳು ತೀವ್ರಗೊಳಿಸುತ್ತವೆ. ಒಂದು, ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಬಹಳ ಹೊತ್ತು ಇರುವುದು. ಎರಡು, ಶಾಖ. ತುಂಬಿದ ಸ್ಥಿತಿಯಲ್ಲಿ ಸಾಮಾನ್ಯ ಲಿಥಿಯಂ ಕೋಶದ ವೋಲ್ಟೇಜು 4.2ರಷ್ಟಿರುತ್ತದೆ. ಆಗ ಎರಡೂ ವಿದ್ಯುದ್ವಾರಗಳು ಅತ್ಯಂತ ಚಡಪಡಿಕೆಯ ಸ್ಥಿತಿಯಲ್ಲಿರುತ್ತವೆ, ಬೇಡದ ಕ್ರಿಯೆಗಳು ಹೆಚ್ಚುತ್ತವೆ. ಶಾಖದ ಮಾತನ್ನು ಸ್ವಾಂಟೆ ಅರ್ಹೇನಿಯಸ್ 1889ರಲ್ಲೇ ಸೂತ್ರಕ್ಕೆ ಇಳಿಸಿದ್ದಾನೆ. ಪದವಿ ತರಗತಿಯಲ್ಲಿ ನೀವು ಆ ಸಮೀಕರಣವನ್ನು ಬರೆದಿರುತ್ತೀರಿ. ಸ್ಥೂಲವಾಗಿ ಹೇಳಬೇಕೆಂದರೆ ಉಷ್ಣತೆ ಹತ್ತು ಡಿಗ್ರಿ ಏರಿದರೆ ಅನೇಕ ರಾಸಾಯನಿಕ ಕ್ರಿಯೆಗಳ ವೇಗ ಇಮ್ಮಡಿಯಾಗುತ್ತದೆ. ಈಗ ನಮ್ಮ ಊರಿನ ಲೆಕ್ಕಕ್ಕೆ ಬನ್ನಿ. ಏಪ್ರಿಲ್-ಮೇ ತಿಂಗಳಲ್ಲಿ ಹೊಸಪೇಟೆ, ಕಂಪ್ಲಿಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿಯ ಸುತ್ತ ಇರುತ್ತದೆ. ಹಂಪಿಯ ಬಂಡೆಗಳು ಹಗಲೆಲ್ಲ ಕುಡಿದ ಶಾಖವನ್ನು ರಾತ್ರಿ ಬಹಳ ಹೊತ್ತು ಉಗುಳುತ್ತಲೇ ಇರುತ್ತವೆ. ತಗಡಿನ ಚಪ್ಪರದ ಕೆಳಗೆ ನಿಂತ ಸ್ಕೂಟರಿನ ಒಳಗೆ ಇನ್ನೂ ಹೆಚ್ಚು. ತಂಪು ದೇಶದಲ್ಲಿ ಬರೆದ ಸಲಹೆಯನ್ನು ಇಲ್ಲಿ ಹಾಗೆಯೇ ಪಾಲಿಸಿದರೆ ಸಾಲದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಬಿಸಿಲಿನಲ್ಲಿ ಓಡಿಬಂದ ಗಾಡಿಯ ಬ್ಯಾಟರಿ ಕಾದಿರುತ್ತದೆ. ಚಾರ್ಜಿಂಗ್ ಅದನ್ನು ಇನ್ನಷ್ಟು ಕಾಯಿಸುತ್ತದೆ. ಅರ್ಧ ಗಂಟೆ, ಒಂದು ಗಂಟೆ ನೆರಳಿನಲ್ಲಿ ಆರಲು ಬಿಟ್ಟು ಆಮೇಲೆ ಪ್ಲಗ್ ಹಾಕಿ. ಸಾಧ್ಯವಾದರೆ ಬೆಳಗಿನ ಜಾವ ತುಂಬುವಂತೆ ನೋಡಿಕೊಳ್ಳಿ. ಆಗ ಗಾಳಿಯೂ ತಂಪು, ತುಂಬಿದ ಮೇಲೆ ಗಾಡಿ ಕಾದು ನಿಲ್ಲುವುದೂ ಇಲ್ಲ.

ಪೂರ್ತಿ ಖಾಲಿ ಮಾಡುವುದೂ ತಪ್ಪೆಂದೆನಲ್ಲ, ಅದರ ಕಾರಣ ಬೇರೆ. ಅಯಾನುಗಳು ತುಂಬಿದಾಗ ಗ್ರಾಫೈಟ್ ಸುಮಾರು ಶೇಕಡಾ 10ರಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ಶೇಕಡಾ 0ಯಿಂದ 100ರವರೆಗೆ ದಿನವೂ ಹಿಗ್ಗಿ ಕುಗ್ಗಿದರೆ ಸೂಕ್ಷ್ಮ ಬಿರುಕುಗಳು ಹೆಚ್ಚುತ್ತವೆ. ನಡುವಿನ ಪಟ್ಟಿಯಲ್ಲಿ, ಅಂದರೆ 20ರಿಂದ 80ರೊಳಗೆ, ಓಡಾಡಿಸಿದರೆ ದಣಿವು ಕಡಿಮೆ. ಅನೇಕರಿಗೆ ಇಲ್ಲೊಂದು ಸಂಶಯವಿದೆ: ಪದೇಪದೇ ಪ್ಲಗ್ ಹಾಕಿದರೆ ಬ್ಯಾಟರಿಯ ‘ಸುತ್ತು’ಗಳು ಬೇಗ ಮುಗಿಯುವುದಿಲ್ಲವೇ? ಇಲ್ಲ. ಅರ್ಧರ್ಧ ಎರಡು ಸಲ ತುಂಬಿದರೆ ಅದು ಒಂದೇ ಸುತ್ತು. ಪ್ಲಗ್ ಹಾಕಿದ ಸಂಖ್ಯೆ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ಕಂಪ್ಲಿಯ ವಿದ್ಯಾರ್ಥಿಯ ಸ್ಕೂಟರ್ ಒಮ್ಮೆ ತುಂಬಿದರೆ 100 ಕಿಲೋಮೀಟರ್ ಓಡುವುದಾದರೆ, ಹೋಗಿಬರುವ 60 ಕಿಲೋಮೀಟರಿಗೆ 80ರಿಂದ 20ರವರೆಗಿನ ಪಟ್ಟಿಯೇ ಸಾಕಾಯಿತು. ಮರುದಿನ ಬಳ್ಳಾರಿಗೆ ಹೋಗಬೇಕಿದ್ದರೆ ನೂರಕ್ಕೆ ತುಂಬಿಸಲಿ, ಅಂಜಬೇಕಿಲ್ಲ. ಹೊರಡುವ ಹೊತ್ತಿಗೆ ತುಂಬುವಂತೆ ಮಾಡಿ, ತುಂಬಿದ ಕೂಡಲೇ ಹೊರಟರಾಯಿತು. ಬ್ಯಾಟರಿಗಾಗಿ ಗಾಡಿ ಇಟ್ಟುಕೊಂಡವರಂತೆ ಸದಾ ಅಂಕಿ ನೋಡುತ್ತಾ ಕೂರುವವರೂ ಇದ್ದಾರೆ. ಅದು ನನಗೆ ಹಿಡಿಸದ ವಿಷಯ.

ವೇಗದ ಚಾರ್ಜಿಂಗ್ ಬಗ್ಗೆಯೂ ಹೀಗೆಯೇ. ಅಯಾನುಗಳನ್ನು ಅವಸರದಿಂದ ತಳ್ಳಿದರೆ ಕೆಲವು ಪದರದೊಳಗೆ ಹೋಗಲಾರದೆ ಗ್ರಾಫೈಟಿನ ಮೇಲೆಯೇ ಲೋಹವಾಗಿ ಕೂರುತ್ತವೆ. ಕೊರೆಯುವ ಚಳಿಯಲ್ಲಿ ಇದು ಹೆಚ್ಚು. ನಮ್ಮಲ್ಲಿ ಆ ಚಳಿಯಿಲ್ಲ, ಆದರೆ ವೇಗದ ಚಾರ್ಜಿಂಗ್ ತರುವ ಶಾಖ ನಮ್ಮ ಶಾಖಕ್ಕೆ ಸೇರುತ್ತದೆ. ದೂರ ಪ್ರಯಾಣದ ದಾರಿಯಲ್ಲಿ ಅದನ್ನು ಬಳಸಿ, ನಿತ್ಯಕ್ಕೆ ಮನೆಯ ನಿಧಾನದ ಪ್ಲಗ್ ಇರಲಿ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಬೇಕು. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಬಿದ್ದ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ನಿಯಮಗಳನ್ನು ಬಿಗಿಗೊಳಿಸಿತು. ಆ ನಿಯಮಗಳು 2022ರ ಡಿಸೆಂಬರಿನಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು. ಸಿಕ್ಕಿದ ಚಾರ್ಜರ್ ಹಾಕುವ ಅಭ್ಯಾಸವನ್ನು ಯಾವ ನಿಯಮವೂ ತಡೆಯಲಾರದು.

ಈ ಬದಲಾವಣೆಯನ್ನು ನಮ್ಮ ರಾಜ್ಯದಲ್ಲಿಯೇ ಒಂದು ಕಾರು ಕಂಡಿದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ರೇವಾ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್. ಅದಕ್ಕೆ ಹಳೆಯ ನಿಯಮವೇ ಸರಿ. ರಾತ್ರಿ ಮನೆಯ 15 ಆಂಪಿಯರ್ ಪ್ಲಗ್ಗಿಗೆ ಹಾಕಿ, ಬೆಳಿಗ್ಗೆ ತುಂಬಿದ ಕಾರನ್ನು ತೆಗೆದುಕೊಂಡು ಹೋಗುವುದು. 2009ರಲ್ಲಿ ಅದೇ ಕಾರು ಲಿಥಿಯಂ ಬ್ಯಾಟರಿಯೊಂದಿಗೆ ಬಂತು, 2010ರಲ್ಲಿ ಕಂಪನಿ ಮಹೀಂದ್ರಾದ ಕೈಸೇರಿತು. ಹೊರಗಿನಿಂದ ಒಂದೇ ಕಾರು, ಒಳಗೆ ಬೇರೆಯೇ ರಸಾಯನಶಾಸ್ತ್ರ. ಹಂಪಿಯಂಥ ಕಡೆ ಓಡುವ ಬಗ್ಗಿಗಳಲ್ಲಿ ಬಹುಕಾಲ ಸೀಸದ ಬ್ಯಾಟರಿಗಳೇ ರೂಢಿ. ಅಂಥ ಗಾಡಿಯನ್ನು 80ಕ್ಕೆ ನಿಲ್ಲಿಸಿದರೆ ಸಲ್ಫೇಟ್ ಕಟ್ಟಿ ಅದು ಹಾಳಾಗುತ್ತದೆ! ಅದರ ಪಕ್ಕದಲ್ಲಿಯೇ ನಿಂತ ಪ್ರವಾಸಿಯ ಸ್ಕೂಟರನ್ನು ವರ್ಷವಿಡೀ ನೂರಕ್ಕೆ ತುಂಬಿಸಿಟ್ಟರೆ ಅದು ಸೊರಗುತ್ತದೆ. ಆದ್ದರಿಂದ ಗಾಡಿ ಕೊಳ್ಳುವಾಗ, ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ, ಒಳಗಿರುವುದು ಯಾವ ಬ್ಯಾಟರಿ ಎಂದು ಕೇಳಿ.

ಲಿಥಿಯಂ ಎಂದಷ್ಟೇ ಉತ್ತರ ಬಂದರೆ ಇನ್ನೂ ಒಂದು ಪ್ರಶ್ನೆ ಉಳಿಯಿತು. ಸಂಡೂರಿನವರಿಗೆ ಇದು ಸುಲಭವಾಗಿ ನೆನಪಿರುತ್ತದೆ. ಸಂಡೂರಿನ ಬೆಟ್ಟಗಳಿಂದ ಹೊರಟ ಎರಡು ಅದಿರುಗಳು ಮ್ಯಾಂಗನೀಸ್ ಮತ್ತು ಕಬ್ಬಿಣ. ಲಿಥಿಯಂ ಬ್ಯಾಟರಿಯ ಎರಡು ಮುಖ್ಯ ಕುಲಗಳಲ್ಲೂ ಇವೇ ಲೋಹಗಳಿವೆ. ಒಂದು ಕುಲದಲ್ಲಿ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಸೇರಿರುತ್ತವೆ. ಇನ್ನೊಂದು, 1990ರ ದಶಕದಲ್ಲಿ ಗುಡ್‌ಇನಫ್ ತಂಡ ಕಂಡ ಲಿಥಿಯಂ-ಕಬ್ಬಿಣ-ಫಾಸ್ಫೇಟ್. ಮೊದಲಿನದಕ್ಕೆ ಮೇಲೆ ಹೇಳಿದ 80ರ ಮಿತಿ ಚೆನ್ನಾಗಿ ಸಲ್ಲುತ್ತದೆ. ಕಬ್ಬಿಣದ ಕುಲ ಹೆಚ್ಚು ಸಹನಶೀಲ, ಬಿಸಿಯನ್ನೂ ಹೆಚ್ಚು ತಾಳುತ್ತದೆ. ಆದರೆ ಅದಕ್ಕೊಂದು ತೊಡಕಿದೆ. ಅದರ ವೋಲ್ಟೇಜು 3.2ರ ಆಸುಪಾಸಿನಲ್ಲಿ ಬಹುದೂರ ಸಮತಟ್ಟಾಗಿಯೇ ಸಾಗುವುದರಿಂದ, ಎಷ್ಟು ತುಂಬಿದೆ ಎಂಬುದನ್ನು ಗಾಡಿಯೊಳಗಿನ ಗಣಕ ಊಹಿಸಲಾರದೆ ಹೋಗುತ್ತದೆ. ಅದಕ್ಕೆಂದೇ ಆಗಾಗ ನೂರಕ್ಕೆ ತುಂಬಿಸಿ ಅಳತೆ ಸರಿಪಡಿಸಿಕೊಳ್ಳಿ ಎಂದು ತಯಾರಕರು ಹೇಳುತ್ತಾರೆ. ಗಾಡಿಯ ಕೈಪಿಡಿಯಲ್ಲಿ ಈ ಸಾಲು ಇದೆಯೇ ನೋಡಿ. ಬಹಳ ಮಂದಿ ಆ ಪುಸ್ತಕವನ್ನು ಸೀಟಿನ ಕೆಳಗಿಂದ ಹೊರಗೇ ತೆಗೆದಿರುವುದಿಲ್ಲ.

ಸಂಡೂರಿನ ಮಾತು ಬಂದದ್ದರಿಂದ ಇನ್ನೊಂದು ಸಣ್ಣ ಸಂಗತಿ. ವಿದ್ಯುತ್ ಗಾಡಿ ಇಳಿಜಾರಿನಲ್ಲಿ ಬರುವಾಗ ಮೋಟಾರೇ ಜನರೇಟರ್ ಆಗಿ, ವೇಗವನ್ನು ತಡೆಯುತ್ತಾ ಬ್ಯಾಟರಿಗೆ ಕರೆಂಟನ್ನು ಹಿಂದಿರುಗಿಸುತ್ತದೆ. ಕುಮಾರಸ್ವಾಮಿ ಬೆಟ್ಟದ ಮೇಲೆ ಯಾರದೋ ಮನೆಯಲ್ಲಿ ಗಾಡಿಯನ್ನು ನೂರಕ್ಕೆ ತುಂಬಿಸಿಕೊಂಡು ಇಳಿಯಹೊರಟರೆ ಆ ಕರೆಂಟಿಗೆ ಒಳಗೆ ಜಾಗವೇ ಇರುವುದಿಲ್ಲ. ಗಾಡಿ ಈ ತಡೆಯನ್ನು ತಾನೇ ಕಡಿಮೆ ಮಾಡುತ್ತದೆ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬೆಟ್ಟದ ಮೇಲೆ ತುಂಬಿಸಬೇಕಾದರೆ 80-85ಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಟ್ಟವೇ ಸ್ವಲ್ಪ ತುಂಬಿಸಿಕೊಡುತ್ತದೆ. ಇನ್ನು ಪರೀಕ್ಷೆ ಮುಗಿದು ಎರಡು ತಿಂಗಳು ಊರಿಗೆ ಹೋಗುವವರು ಗಾಡಿಯನ್ನು ತುಂಬಿಸಿಯೂ ಇಡಬೇಡಿ, ಖಾಲಿಯಾಗಿಯೂ ಇಡಬೇಡಿ. ಅರ್ಧದಷ್ಟು ಇಟ್ಟು, ತಂಪಾದ ನೆರಳಿನಲ್ಲಿ ನಿಲ್ಲಿಸಿ, ತಿಂಗಳಿಗೊಮ್ಮೆ ಮನೆಯವರಿಗೆ ಅಂಕಿ ನೋಡಲು ಹೇಳಿ. ಪೂರ್ತಿ ಬರಿದಾಗಿ ಬಹುಕಾಲ ಬಿದ್ದ ಕೋಶದೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಅಂಥದನ್ನು ಮತ್ತೆ ಚಾರ್ಜಿಗೆ ಹಾಕುವುದು ಅಪಾಯ. ಅದನ್ನು ಮನೆಯಲ್ಲಿ ಪ್ರಯತ್ನಿಸದೆ ಸರ್ವಿಸ್ ಕೇಂದ್ರಕ್ಕೇ ಒಯ್ಯಬೇಕು.